ಪುರಸಭೆಗೆ ದುಡ್ಡಿಲ್ಲದಾಗ ನೀರು, ದೀಪ ನಡೆಸುವುದು ಹೇಗೆ?

ನಿಮ್ಮೂರ ಪುರಸಭೆಯಲ್ಲಿ ದುಡ್ಡಿಲ್ಲವಂತೆ, ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದಂತೆ. ಕರ ಏರಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲವೇ ಅಂತ ಕೇಳಿದ್ದೀರಿ. ನಾನು ವಿಜಯಪುರ ಜಿಲ್ಲೆಯ ಒಂದು ಪುರಸಭೆಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಊರ ಹೆಸರು ಬೇಡ, ಅಲ್ಲಿಯವರ ಮನೆ ಮದುವೆಗೆ ಇನ್ನೂ ಹೋಗಬೇಕು ನಾನು.

ಬಜೆಟ್ ಪುಸ್ತಕ ನೋಡಿ ಏನೂ ತಿಳಿಯುವುದಿಲ್ಲ. ಅದರಲ್ಲಿ ಪ್ರತಿ ವರ್ಷ ಉಳಿತಾಯವೇ ಇರುತ್ತದೆ. ಬಾರದ ನೀರಿನ ಕರ, ಹರಾಜೇ ಆಗದ ಮಳಿಗೆಯ ಬಾಡಿಗೆ, ಸಂತೆ ಜಕಾತಿಯ ಹಳೇ ಬಾಕಿ, ಎಲ್ಲವನ್ನೂ ಜಮೆಯ ಬದಿಗೆ ಹತ್ತಿಸಿದರೆ ಶಿಲ್ಕು ತಾನಾಗಿ ಬರುತ್ತದೆ. ಹತ್ತಿಸಿದವನು ನಾನೇ. ಕೈಗೆ ಬಂದದ್ದೂ ಪೂರ್ತಿ ನಮ್ಮದಲ್ಲ. ಮನೆ ತೆರಿಗೆ ಜೊತೆ ನೀವು ಕಟ್ಟುವ ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಬೇರೆಯವರ ಪಾಲು. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲೂ 2021ರಿಂದ 2026ರವರೆಗೆ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕರೆಂಟ್ ಬಿಲ್ಲಿನಿಂದ. ಅದು ಬಹುಪಾಲು ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ವಿದ್ಯುತ್ ಅನುದಾನದಲ್ಲಿ ಹೋಗುವುದರಿಂದ ಆಫೀಸಿನಲ್ಲಿ ಯಾರೂ ಓದುವುದಿಲ್ಲ. ಮೇಲಿನವರು ಕಟ್ಟುತ್ತಾರೆ, ನಮಗ್ಯಾಕೆ? ಒಂದು ಬರಗಾಲದ ವರ್ಷ ಹೊಸದಾಗಿ ಬಂದ ಮುಖ್ಯಾಧಿಕಾರಿಗಳು ಆ ಬಿಲ್ಲು ಹಿಡಿದುಕೊಂಡು, ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಊರಿಗೆ ನೀರೆತ್ತುವ ಪಂಪಿನ ಬಾವಿಗೆ, ಅಂದರೆ ಜಾಕ್‌ವೆಲ್ಲಿಗೆ ಹೊರಟರು. ಪ್ಯಾನೆಲ್ ಬಾಗಿಲು ತೆಗೆದರೆ ಕೆಪಾಸಿಟರ್ ಡಬ್ಬಿಗಳು ಉಬ್ಬಿಕೊಂಡಿದ್ದವು, ಒಂದರ ವೈರು ಕಿತ್ತು ಟೇಪ್ ಸುತ್ತಿತ್ತು. "ಅವು ಸತ್ತು ಭಾಳ ದಿನಾ ಆತ್ರಿ ಸಾಹೇಬ್ರ, ಪಂಪ್ ನಡದೈತಲ್ರಿ" ಅಂದ ಆಪರೇಟರ್. ಪಂಪ್ ನಡೆದಿತ್ತು, ನಿಜ. ಆದರೆ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬಂತು ಅನ್ನುವ ಲೆಕ್ಕಕ್ಕೆ ಪವರ್ ಫ್ಯಾಕ್ಟರ್ ಅನ್ನುತ್ತಾರೆ, ಅದು ಇಳಿಯದಂತೆ ಕಾಯುವುದೇ ಕೆಪಾಸಿಟರ್. ಎಚ್‌ಟಿ, ಅಂದರೆ ಹೈಟೆನ್ಷನ್ ಸಂಪರ್ಕದಲ್ಲಿ ಅದು 0.90ಕ್ಕಿಂತ ಇಳಿದರೆ ದಂಡ. ಆ ದಂಡ ತಿಂಗಳು ತಿಂಗಳೂ ಬಿಲ್ಲಿನ ಒಂದು ಸಣ್ಣ ಸಾಲಿನಲ್ಲಿ ಬರುತ್ತಲೇ ಇತ್ತು.

ವಾಪಸು ಬರುವಾಗ ರೈಸಿಂಗ್ ಮೇನ್, ಅಂದರೆ ಪಂಪಿನಿಂದ ಊರಿಗೆ ನೀರು ಒಯ್ಯುವ ದೊಡ್ಡ ಪೈಪಿನ ಸಾಲು ಹಿಡಿದು ನಡೆದೆವು. ಮೇ ತಿಂಗಳು, ಎರೆಹೊಲ ಅಂಗೈ ಅಗಲ ಬಿರಿದು ನಿಂತಿದೆ. ಅದರ ನಡುವೆ ಪೈಪಿನ ಗಾಳಿ ಹೊರಬಿಡುವ ಒಂದು ಏರ್ ವಾಲ್ವಿನ ಸುತ್ತ ಮಾತ್ರ ಹಸಿರು ಮೆಂತ್ಯದ ಮಡಿ! ವಾಲ್ವಿನ ಬಾಯಿಗೆ ಸೈಕಲ್ ಟ್ಯೂಬ್ ಕಟ್ಟಿ ಕಾಲುವೆ ತಿದ್ದಿದ್ದರು.

75 ಎಚ್‌ಪಿಯ ಪಂಪು ಅಂದರೆ ಸುಮಾರು 56 ಕಿಲೋವಾಟ್. ದಿನಕ್ಕೆ 16 ತಾಸು ಓಡಿದರೆ ಹತ್ತಿರ ಹತ್ತಿರ 900 ಯೂನಿಟ್. ಮೂರರಲ್ಲೊಂದು ಪಾಲು ನೀರು ದಾರಿಯಲ್ಲಿ ಸೋರಿದರೆ ದಿನಾ 300 ಯೂನಿಟ್ ಮಣ್ಣಿಗೆ ಹೋಯಿತು. ಆದಿಲ್‌ಶಾಹಿಗಳು 1651ರಲ್ಲಿ ಬೇಗಂ ತಲಾಬ್ ಕಟ್ಟಿ ವಿಜಯಪುರಕ್ಕೆ ನೀರು ತಂದಾಗ ಪೈಪು ಒಡೆದು ನೀರು ಹಾಳಾಗದಂತೆ ನಡುನಡುವೆ ಗಂಜ್ ಎಂಬ ನೀರಿನ ಗೋಪುರ ಕಟ್ಟಿ ಒತ್ತಡ ಇಳಿಸಿದ್ದರು, ಹೂಳು ತಡೆದಿದ್ದರು. ಅವರಿಗೆ ಕರೆಂಟ್ ಬಿಲ್ ಇರಲಿಲ್ಲ, ಆ ಮಾತು ಬೇರೆ.

ಬೀದಿದೀಪದ್ದು ಸಣ್ಣ ಕೆಲಸ. ಟೈಮರ್ ಕೆಟ್ಟು ಹಗಲು ಹನ್ನೊಂದಕ್ಕೂ ಉರಿಯುತ್ತಿದ್ದವು, ಟೈಮರ್ ಹಾಕಿಸಿದೆವು, ಮುಗಿಯಿತು.

ನಳದ ಲೆಕ್ಕ ಮಾತ್ರ ಅಷ್ಟು ಸಲೀಸಲ್ಲ. ರಿಜಿಸ್ಟರಿನಲ್ಲಿ ಇರುವ ನಳಕ್ಕೂ ಊರಲ್ಲಿ ಇರುವ ನಳಕ್ಕೂ ಸಂಬಂಧ ಇರುವುದಿಲ್ಲ. ನೀರಗಂಟಿಗೆ ಎಲ್ಲಾ ಗೊತ್ತು, ಆದರೆ ಅವನನ್ನು ಯಾರೂ ಕೇಳುವುದಿಲ್ಲ. ಅವನನ್ನೂ ಕರ ವಸೂಲಿಯವನನ್ನೂ ಜೋಡಿ ಮಾಡಿ ಮನೆಮನೆಗೆ ಕಳಿಸಿದೆವು. ಎರಡನೇ ದಿನವೇ ಒಬ್ಬ ಸದಸ್ಯರ ಮನೆಯಲ್ಲಿ ಎರಡು ಅನಧಿಕೃತ ನಳ ಸಿಕ್ಕವು. ಮುಖ್ಯಾಧಿಕಾರಿಗಳು ಅವರಿಂದಲೇ ಮೊದಲ ಅರ್ಜಿ ಬರೆಸಿ ಸಕ್ರಮ ಮಾಡಿಸಿದರು. ಆಮೇಲೆ ಓಣಿಯವರು ತಾವಾಗಿಯೇ ಬಂದರು.

ಕರ ಏರಿಸಬಾರದು ಅನ್ನುವವನಲ್ಲ ನಾನು. ಆದರೆ ಕಟ್ಟದವರನ್ನು ಬಿಟ್ಟು ಕಟ್ಟುವವರ ಮೇಲೆಯೇ ಇನ್ನಷ್ಟು ಹೇರಿದರೆ ಅವರೂ ಕೈ ಎತ್ತುತ್ತಾರೆ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಅಂತ ಕಸದ ಗಾಡಿಯ ಮೈಕಿನಲ್ಲಿ ಕೂಗಿಸಿದರೇ ಎಷ್ಟೋ ಜನ ಬರುತ್ತಾರೆ.

ಪೌರಕಾರ್ಮಿಕರ ಪಗಾರ ತಡೆಯುವುದು, ಬ್ಲೀಚಿಂಗ್ ಪೌಡರ್ ಕಡಿಮೆ ಮಾಡುವುದು, ಪಂಪಿನ ರಿಪೇರಿ ಮುಂದೂಡುವುದು, ಇವು ಉಳಿತಾಯ ಅಲ್ಲ. ಒಮ್ಮೆ ಬೇರಿಂಗ್ ಕೆಟ್ಟ ಸದ್ದು ಬರುತ್ತಿದೆ ಅಂದಾಗ "ಮುಂದಿನ ತಿಂಗಳು ನೋಡೋಣ" ಅಂತ ಷರಾ ಬರೆದವನು ನಾನು. ಮೋಟಾರ್ ಸುಟ್ಟಿತು. ಟ್ಯಾಂಕರಿನ ಬಿಲ್ಲು ಪಾಸು ಮಾಡುವಾಗ ನನ್ನದೇ ಅಕ್ಷರ ಕಣ್ಣೆದುರು ಬರುತ್ತಿತ್ತು.

ನೀವು ಒಂದು ಕೆಲಸ ಮಾಡಿ. ಮಾಹಿತಿ ಹಕ್ಕಿನಲ್ಲಿ ಹನ್ನೆರಡು ತಿಂಗಳ ಪಂಪ್‌ಹೌಸಿನ ಕರೆಂಟ್ ಬಿಲ್, ನೀರಿನ ಕರದ ಬೇಡಿಕೆ-ವಸೂಲಿ-ಬಾಕಿ ತಖ್ತೆ, ವಾರ್ಡುವಾರು ನಳಗಳ ಸಂಖ್ಯೆ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ, ಆದ್ದರಿಂದ ಮೂರು ಅರ್ಜಿ, ತಲಾ 10 ರೂಪಾಯಿ. ಕಾಗದ ಕೈಗೆ ಬಂದ ಮೇಲೆ ಹೇಳಿ, ಕೂತು ಓದೋಣ.