ಓದುಗರ ಪ್ರಶ್ನೆ: ಒಬ್ಬಳೇ ರಾಣಿಗೆ ಎಷ್ಟು ಹೆಸರು?

ಪ್ರಶ್ನೆ: ‘ಎಂಪ್ರೆಸಸ್ ಇನ್ ದ ಪ್ಯಾಲೇಸ್’ ಎಂಬ ಚೀನೀ ಧಾರಾವಾಹಿಯಲ್ಲಿ ನಾಯಕಿ ಝೆನ್ ಹುವಾನ್‌ಳ ಹೆಸರು ಆಗಾಗ ಬದಲಾಗುತ್ತದಲ್ಲ, ಅಂತಃಪುರದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ತಿಳಿಯುವುದು ಹೇಗೆ?
– ಓದುಗರು, ಮಲ್ಪೆ

ಉತ್ತರ: ಹೆಸರಿನ ಬಾಲ ಹಿಡಿಯಿರಿ, ದರ್ಜೆ ಇರುವುದು ಅಲ್ಲಿ. ಚೀನಾದ ಛಿಂಗ್ ರಾಜವಂಶದ ಅರಮನೆಯ ಕಟ್ಟಳೆಯಂತೆ, ಮೇಲಿನಿಂದ ಕೆಳಕ್ಕೆ, ಪಟ್ಟದರಾಣಿ ಹುವಾಂಗ್‌ಹೌ ಒಬ್ಬಳು, ಹುವಾಂಗ್‌ಗುಯ್‌ಫೇ ಒಬ್ಬಳು, ಗುಯ್‌ಫೇ 2, ಫೇ 4, ಪಿನ್ 6. ಅದಕ್ಕೂ ಕೆಳಗಿನ ಗುಯ್‌ರೆನ್, ಚಾಂಗ್‌ಝಾಯ್, ದಾಯಿಂಗ್‌ಗಳಿಗೆ ಸಂಖ್ಯೆಯ ಮಿತಿಯಿಲ್ಲ. ಮೇಲಿನ ಜಾಗಗಳು ಇಷ್ಟೇ ಇರುವುದರಿಂದಲೇ ಅಷ್ಟೊಂದು ಪಿತೂರಿ!

ಹೆಸರಿನ ಮುಂಭಾಗ ದೊರೆ ಕೊಟ್ಟ ಬಿರುದು. ಝೆನ್ ಹುವಾನ್ ‘ವಾನ್ ಚಾಂಗ್‌ಝಾಯ್’ ಆಗಿದ್ದು, ಬಡ್ತಿಯಾಗಿ ‘ವಾನ್ ಗುಯ್‌ರೆನ್’ ಆದಾಗ ಬಾಲ ಮಾತ್ರ ಬದಲಾಯಿತು. ಅರಮನೆ ಬಿಟ್ಟು ಹೋಗಿ ಮರಳಿದಾಗ ಬಿರುದೇ ಬೇರೆ, ‘ಶಿ ಫೇ’. (ಅಲ್ಲಿಯವರೆಗೆ ನೋಡಿಲ್ಲವಾದರೆ ಕ್ಷಮಿಸಿ.) ಸಬ್‌ಟೈಟಲ್ ಫೇ, ಪಿನ್ ಎರಡನ್ನೂ ‘ಕನ್ಸಾರ್ಟ್’ ಎಂದುಬಿಟ್ಟರೆ ಗೊಂದಲ ಖಂಡಿತ, ಮೂಲ ಧ್ವನಿಗೆ ಕಿವಿಗೊಡಿ.

ಯಕ್ಷಗಾನದಲ್ಲಿ ಕಿರೀಟ, ಕೇದಗೆ ಮುಂದಲೆ ನೋಡಿ ವೇಷ ಗುರುತಿಸುವ ನಮಗೆ ಇದು ಕಷ್ಟವೇನಲ್ಲ. ಅದೇ ಛಿಂಗ್ ಅರಮನೆಯ ಕತೆಯಾದ 2018ರ ಧಾರಾವಾಹಿ ‘ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್’ ನೋಡುವಾಗ ಕಿವಿಯನ್ನೂ ಗಮನಿಸಿ: ಒಂದೊಂದು ಕಿವಿಗೆ ಮೂರು ಓಲೆ, ಅದು ಮಂಚು (ಛಿಂಗ್ ದೊರೆಗಳ ಜನಾಂಗ) ಹೆಂಗಸರ ಪದ್ಧತಿ.