ಓದುಗರ ಪ್ರಶ್ನೆ: ‘ಎಲ್ಲಾ ನಾವೇ ಮಾಡ್ತೀವಿ, ಆದ್ರೂ ಅವನಿಗೆ ಸಿಟ್ಟು’

ಪ್ರಶ್ನೆ: ಸರ್, ನನ್ನ ತಮ್ಮನಿಗೆ 27 ವರ್ಷ. ಕೊನೆಕೊಯ್ಲಿಗೆ ಅಂತ ಅಡಿಕೆ ಮರ ಹತ್ತಿದವನು ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಆಪರೇಷನ್ ಮಾಡಿ ರಾಡ್ ಹಾಕಿ ಡಿಸ್ಚಾರ್ಜ್ ಮಾಡಿದ್ರು, ಎಂಟು ತಿಂಗಳಿಂದ ಮಂಚದ ಮೇಲೇ. ಸ್ನಾನ, ಬಟ್ಟೆ, ಊಟ ಎಲ್ಲಾ ಅಮ್ಮ ನಾನು ಸೇರಿ ಮಾಡ್ತೀವಿ, ಒಂದು ಲೋಟ ನೀರೂ ಅವನೇ ಎತ್ಕೊಳ್ಳೋಕೆ ಬಿಟ್ಟಿಲ್ಲ, ಆದ್ರೂ ಮಾತೆತ್ತಿದ್ರೆ ರೇಗ್ತಾನೆ. ಇಂಥವ್ರಿಗೆ ಸ್ವಂತವಾಗಿ ಬದುಕೋದು ಕಲಿಸೋ ಸಂಸ್ಥೆಗಳಿದಾವಂತೆ, ನಿಜಾನಾ? ಆಶ್ರಮಕ್ಕೆ ಬಿಟ್ಟು ಬಂದಂಗೆ ಆಗಲ್ವಾ?
– ಒಬ್ಬ ಓದುಗ, ಶಿರಸಿ

ಉತ್ತರ: ಬಿಟ್ಟು ಬರೋದಲ್ಲ ಮಾರಾಯ್ರೇ, ಅವನು ಕಲಿತಾದ್ಮೇಲೆ ವಾಪಸ್ ಕರ್ಕೊಂಡು ಬರೋದು. ನಾನೂ 16 ವರ್ಷದಿಂದ ವೀಲ್‌ಚೇರ್ ಮೇಲೇ ಇರೋನು, ಅದಕ್ಕೇ ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ನೀರಿನ ಲೋಟ ಇದ್ಯಲ್ಲ, ಸಿಟ್ಟು ಅಲ್ಲಿಂದಾನೇ ಬರ್ತಿರೋದು. ಹೋಗಿರೋದು ಕಾಲು, ಅಡಿಕೆ ಮರ ಹತ್ತಿದ ಕೈ ಎರಡೂ ಹಾಗೇ ಇವೆ.

ಆಯಿಕ್ಕುಡಿಯ ಅಮರ್ ಸೇವಾ ಸಂಗಮ್ ಬಗ್ಗೆ ಕೇಳಿದೀರಾ? ತಮಿಳುನಾಡಿನ ತೆಂಕಾಶಿ ಹತ್ರ. ಅದನ್ನ ಶುರು ಮಾಡಿದ ಎಸ್. ರಾಮಕೃಷ್ಣನ್ ಇಂಜಿನಿಯರಿಂಗ್ ಓದ್ತಿದ್ದಾಗ ನೇವಿ ಆಫೀಸರ್ ಸೆಲೆಕ್ಷನ್‌ಗೆ ಅಂತ ನಮ್ಮ ಬೆಂಗಳೂರಿಗೇ ಬಂದಿದ್ರು, ಅಲ್ಲಿ ಟೆಸ್ಟ್‌ನಲ್ಲಿ ಬಿದ್ದು ಕುತ್ತಿಗೆ ಹತ್ರ ಬೆನ್ನುಹುರಿಗೆ ಪೆಟ್ಟಾಯ್ತು, ಕತ್ತಿನ ಕೆಳಗೆ ಸ್ವಾಧೀನ ಇಲ್ಲ. ನಿಮ್ಮ ತಮ್ಮನಿಗಿಂತ ಎಷ್ಟೋ ಕಷ್ಟದ ಕೇಸು. ಆ ಮನುಷ್ಯ 1981ರಲ್ಲಿ ತನ್ನ ಊರಲ್ಲೇ ಸಂಸ್ಥೆ ಕಟ್ಟಿದ್ರು, ತನಗೆ ಟ್ರೀಟ್‌ಮೆಂಟ್ ಕೊಟ್ಟ ಏರ್ ಮಾರ್ಷಲ್ ಅಮರ್‌ಜಿತ್ ಸಿಂಗ್ ಚಾಹಲ್ ಅವ್ರ ಹೆಸರನ್ನೇ ಅದಕ್ಕಿಟ್ರು, 2020ರಲ್ಲಿ ಪದ್ಮಶ್ರೀ ಬಂತು. ಅಲ್ಲೀಗ ಬೆನ್ನುಹುರಿ ಪೆಟ್ಟಾದವ್ರಿಗೇ ಅಂತ ರಿಹ್ಯಾಬ್, ಅಂದ್ರೆ ಮತ್ತೆ ಸ್ವಂತವಾಗಿ ಬದುಕೋದು ಕಲಿಸೋ ವ್ಯವಸ್ಥೆ, ಇದೆ. ಅಷ್ಟು ದೂರ ಬೇಡ ಅಂದ್ರೆ ಮೊದಲು ಬೆಂಗಳೂರಿನ ಲಿಂಗರಾಜಪುರದ ಎಪಿಡಿಗೆ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಅನ್ನೋ ಸಂಸ್ಥೆ) ಫೋನ್ ಮಾಡಿ. ಪೋಲಿಯೋ ಆಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಶುರು ಮಾಡಿದ್ದು.

ಇಂಥ ಕಡೆ ಫಿಸಿಯೋ ಅಂತೂ ಇರತ್ತೆ, ಆದ್ರೆ ನನಗೆ ಜೀವ ಬಂದಿದ್ದು ಅದ್ರಿಂದಲ್ಲ. ನನ್ನ ಥರಾನೇ ಕೂತಿದ್ದ ಇನ್ನೊಬ್ಬ, ಮಂಚದಿಂದ ಗಾಲಿಕುರ್ಚಿಗೆ ಹಲಗೆ ಮೇಲೆ ಜಾರಿ ಕೂತು, ಪ್ಯಾಂಟ್ ತಾನೇ ಏರಿಸ್ಕೊಂಡು, ಟೀ ಕುಡಿಯೋಕೆ ಹೊರಟ. ಡಾಕ್ಟ್ರು ನೂರು ಸಲ ಹೇಳಿದ್ರೂ ತಲೆಗೆ ಹೋಗದ್ದು ಅವತ್ತು ಹೋಯ್ತು. ಪ್ಯಾಂಟ್ ಹಾಕ್ಕೊಳ್ಳೋಕೆ ನನಗೆ ಮೊದಲ ದಿನ ಮುಕ್ಕಾಲು ಗಂಟೆ ಹಿಡೀತು, ಅಮ್ಮ ಬಾಗಿಲಲ್ಲಿ ನಿಂತು ಅಳ್ತಿದ್ಲು, ಒಳಗೆ ಬರ್ಬೇಡ ಅಂದೆ.

ಯಾರೂ ಬಾಯಿಬಿಟ್ಟು ಕೇಳದ ವಿಷಯ ಯೂರಿನ್ನು. ಪೈಪು ಬ್ಯಾಗು ಯಾವಾಗ್ಲೂ ಹಾಕೇ ಇಡೋದಕ್ಕಿಂತ 4ರಿಂದ 6 ಗಂಟೆಗೊಮ್ಮೆ ಕೈ ತೊಳ್ಕೊಂಡು ತಾನೇ ಕ್ಯಾಥೆಟರ್ (ಯೂರಿನ್ ಹೊರಗೆ ತೆಗೆಯೋ ತೆಳು ಪೈಪು) ಹಾಕಿ ಖಾಲಿ ಮಾಡ್ಕೊಳ್ಳೋದು ಕಲಿಸ್ತಾರೆ, ಒಂದು ಸಲಕ್ಕೆ 500 ಎಂಎಲ್ ದಾಟಬಾರದು, ಅವನಿಗೆ ಇದು ಸರಿಹೋಗತ್ತಾ ಅಂತ ಡಾಕ್ಟ್ರು ನೋಡಿ ಹೇಳ್ಬೇಕು. ಇದೊಂದು ಕೈಗೆ ಬಂದ್ರೆ ಬಸ್ಸು, ಮದುವೆಮನೆ, ಕೆಲಸ ಎಲ್ಲಾ ಸಾಧ್ಯ. ಇನ್ನೊಂದು ಬೆಡ್‌ಸೋರ್, ಅಂದ್ರೆ ಒಂದೇ ಕಡೆ ಭಾರ ಒತ್ತಿ ಆಗೋ ಗಾಯ, ಅಲ್ಲಿ ನೋವೇ ಗೊತ್ತಾಗಲ್ಲ, ಗಾಯ ಮೂಳೆವರೆಗೂ ಹೋಗತ್ತೆ. ಮಲಗಿದ್ರೆ 2 ಗಂಟೆಗೊಮ್ಮೆ ಮಗ್ಗುಲು ಬದಲಾಗ್ಬೇಕು, ಕೂತಿದ್ರೆ ಕಾಲು ಗಂಟೆ–ಇಪ್ಪತ್ತು ನಿಮಿಷಕ್ಕೊಮ್ಮೆ ಕುಂಡೆ ಮೇಲಿನ ಭಾರ ಬಿಡಿಸ್ಬೇಕು, ರಾತ್ರಿ ಕನ್ನಡಿ ಹಿಡಿದು ತಾನೇ ನೋಡ್ಕೊಳ್ಬೇಕು. ಈಗಾಗ್ಲೇ ಗಾಯ ಇದ್ರೆ ಫೋನಲ್ಲೇ ಹೇಳ್ಬಿಡಿ, ಮೊದಲು ಅದನ್ನ ವಾಸಿ ಮಾಡ್ಬೇಕಾಗತ್ತೆ.

ಹೋಗೋವಾಗ ನೀವೂ ಜೊತೆಗಿರಿ, ಕೈ ಕಟ್ಕೊಂಡು ಕೂರೋದು ನೀವು ಕಲೀಬೇಕು. ಹೋಗೋದಾ ಬೇಡ್ವಾ ಅಂತ ಅವನನ್ನೇ ಕೇಳಿ, ನೀವೇ ತೀರ್ಮಾನ ಮಾಡಿ ಹೊರಡಿಸ್ಬೇಡಿ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಇನ್ನೂ ಆಗಿಲ್ಲ ಅಂದ್ರೆ ಅರ್ಜಿ ಹಾಕಿ, ಮುಂದೆ ಎಲ್ಲದಕ್ಕೂ ಅದನ್ನೇ ಕೇಳ್ತಾರೆ.

ಪ್ರಶ್ನೆ: ಅಣ್ಣನ ವೀಲ್‌ಚೇರ್‌ಗೆ ಬಾಗಿಲಲ್ಲಿ ಹಲಗೆ ಹಾಕಿದೀವಿ, ಮೂರು ಮೆಟ್ಟಿಲಿದೆ, ತಳ್ಳೋಕೆ ಇಬ್ಬರು ಬೇಕು. ಏನ್ಮಾಡೋದು?
– ದಾವಣಗೆರೆ

ಉತ್ತರ: ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, 6 ಇಂಚಿನ ಮೂರು ಮೆಟ್ಟಿಲಂದ್ರೆ 18 ಅಡಿ. ಜಾಗ ಸಾಲ್ದಿದ್ರೆ ಗೋಡೆ ಪಕ್ಕಕ್ಕೆ ತಿರುಗಿಸ್ಕೊಳ್ಳಿ, ತಿರುವಲ್ಲಿ 5 ಅಡಿ ಸಮತಟ್ಟಾಗಿರ್ಲಿ. ಮೇಸ್ತ್ರಿ ನೈಸಾಗಿ ಪಾಲಿಶ್ ಗ್ರಾನೈಟ್ ಹಾಕ್ತೀನಿ ಅಂದ್ರೆ ಒಪ್ಬೇಡಿ, ಮಳೇಲಿ ಜಾರತ್ತೆ.