ಹಿಟ್ಟು ರುಬ್ಬಿದ್ದು ಯಾವಾಗ, ಮೇಷ್ಟ್ರೇ?

ಬಸವನಗುಡಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಎಂಆರ್‌ಎನ್‌ಎ ಲಸಿಕೆಯನ್ನು ಕೆಲವೇ ದಿನದಲ್ಲಿ ರೂಪಿಸಿದರಂತೆ. ದರ್ಶಿನಿಯಲ್ಲಿ ಇಡ್ಲಿ ಕೊಟ್ಟ ಹಾಗೆ ಲಸಿಕೆ ಕೊಟ್ಟರೆ ನಂಬೋದು ಹೇಗೆ? ನಾನು ಕೋವಿಶೀಲ್ಡ್ ಹಾಕಿಸಿಕೊಂಡಿದ್ದೇನೆ. ಡಿಎನ್‌ಎ ಬದಲಾಗಿರುತ್ತದೆ ಅಂತ ವಾಕಿಂಗ್ ಗೆಳೆಯರು ಹೆದರಿಸುತ್ತಾರೆ. ಇಷ್ಟೆಲ್ಲ ಮಾಡುವವರು ನಮ್ಮ ತೀರ್ಥಹಳ್ಳಿ ಕಡೆಯ ಮಂಗನ ಕಾಯಿಲೆಗೆ ಯಾಕೆ ಲಸಿಕೆ ಮಾಡುತ್ತಿಲ್ಲ?'

ಮೇಷ್ಟ್ರೇ, ನಮಸ್ಕಾರ.

ಮೊದಲು ನಿಮ್ಮ ವಾಕಿಂಗ್ ಗೆಳೆಯರ ವಿಷಯ ಮುಗಿಸಿಬಿಡುತ್ತೇನೆ. ಕೋವಿಶೀಲ್ಡ್ ಎಂಆರ್‌ಎನ್‌ಎ ಲಸಿಕೆಯೇ ಅಲ್ಲ. ಅದರಲ್ಲಿದ್ದದ್ದು ಚಿಂಪಾಂಜಿಗೆ ನೆಗಡಿ ತರುವ, ಹಲ್ಲು ಕಿತ್ತ ಒಂದು ವೈರಸ್. ಕೋವ್ಯಾಕ್ಸಿನ್‌ನಲ್ಲಿ ಇದ್ದದ್ದು ಕೊಂದ ಕೊರೊನಾ ವೈರಸ್. ಈ ಯಾವುದೂ ನಿಮ್ಮ ಡಿಎನ್‌ಎ ತಿದ್ದುವುದಿಲ್ಲ. ಎಂಆರ್‌ಎನ್‌ಎ ಅಂದರೆ ಜೀವಕೋಶಕ್ಕೆ ಕೊಡುವ ಒಂದು ಚೀಟಿ. ಅದಂತೂ ಡಿಎನ್‌ಎ ಇರುವ ನ್ಯೂಕ್ಲಿಯಸ್ ಒಳಗೆ ಕಾಲೇ ಇಡುವುದಿಲ್ಲ. ಹೊರಗೇ ನಿಂತು 'ವೈರಸ್ಸಿನ ಈ ಪ್ರೋಟೀನ್ ಮಾಡು' ಅಂತ ಹೇಳಿ, ಕೆಲವು ದಿನದಲ್ಲಿ ಚೂರಾಗಿ ಹೋಗುತ್ತದೆ. ಆ ಪ್ರೋಟೀನ್ ನೋಡಿ ದೇಹ ವೈರಸ್ಸನ್ನು ಎದುರಿಸಲು ಕಲಿಯುತ್ತದೆ.

ಇನ್ನು ಇಡ್ಲಿ. ನಿಮ್ಮ ಹೋಲಿಕೆ ನನಗೆ ಬಹಳ ಹಿಡಿಸಿತು, ಆದರೆ ಅದು ನಿಮ್ಮ ವಾದಕ್ಕೇ ತಿರುಗಿ ನಿಲ್ಲುತ್ತದೆ. ಟೋಕನ್ ಕೊಟ್ಟ ಎರಡು ನಿಮಿಷಕ್ಕೆ ತಟ್ಟೆ ಬರುತ್ತದೆ, ನಿಜ. ಹಿಟ್ಟು ರುಬ್ಬಿದ್ದು ಯಾವಾಗ? ಎಂಆರ್‌ಎನ್‌ಎ ಎಂಬುದೊಂದಿದೆ ಅಂತ ಗೊತ್ತಾದದ್ದು 1961ರಲ್ಲಿ. ಪ್ರಯೋಗಾಲಯದಲ್ಲಿ ಮಾಡಿದ್ದನ್ನು ಒಳಗೆ ಬಿಟ್ಟರೆ ದೇಹ ಅದನ್ನು ಶತ್ರು ಅಂದುಕೊಂಡು ಉರಿದು ಬೀಳುತ್ತಿತ್ತು. ಅಮೆರಿಕದಲ್ಲಿದ್ದ ಹಂಗೆರಿ ಮೂಲದ ವಿಜ್ಞಾನಿ ಕ್ಯಾಟಲಿನ್ ಕರಿಕೊ ಇದರ ಹಿಂದೆ ಬಿದ್ದು ವರ್ಷಗಟ್ಟಲೆ ಕೂತರು. ಅನುದಾನ ಸಿಗಲಿಲ್ಲ, 1995ರಲ್ಲಿ ವಿಶ್ವವಿದ್ಯಾಲಯ ಹಿಂಬಡ್ತಿ ಬೇರೆ ಕೊಟ್ಟಿತು. ಆಕೆ ಮತ್ತು ಸಹ ವಿಜ್ಞಾನಿ ಡ್ರೂ ವೈಸ್‌ಮನ್ ಸೇರಿ, ಎಂಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದನ್ನು ಚೂರು ಬದಲಿಸಿದರೆ ದೇಹ ಸುಮ್ಮನಾಗುತ್ತದೆ ಅಂತ 2005ರಲ್ಲಿ ತೋರಿಸಿದರು. ನೊಬೆಲ್ ಬಂದದ್ದು 2023ರಲ್ಲಿ!

ಹೀಗಾಗಿ 2020ರ ಜನವರಿಯಲ್ಲಿ ಚೀನಾದಿಂದ ಕೊರೊನಾ ವೈರಸ್‌ನ ಆನುವಂಶಿಕ ಅಕ್ಷರಮಾಲೆ ಹೊರಬಂದಾಗ ಹಿಟ್ಟು ಹುದುಗಿ ಕಾಯುತ್ತಿತ್ತು. ಮಾರ್ಚ್ 16ಕ್ಕೆ ಅಮೆರಿಕದ ಸಿಯಾಟಲ್‌ನಲ್ಲಿ ಪರೀಕ್ಷೆಯ ಮೊದಲ ಚುಚ್ಚುಮದ್ದು. ಆಮೇಲೆ ಪರೀಕ್ಷೆಯನ್ನೇನೂ ಹಾರಿಸಲಿಲ್ಲ. ಫೈಜರ್ 40 ಸಾವಿರಕ್ಕೂ ಹೆಚ್ಚು ಜನರ ಮೇಲೆ, ಮಾಡರ್ನಾ 30 ಸಾವಿರ ಜನರ ಮೇಲೆ ನೋಡಿದವು. ಒಂದು ಹಂತ ಮುಗಿಯುವ ಮೊದಲೇ ಇನ್ನೊಂದನ್ನು ಶುರು ಮಾಡಿದರು, ಫಲಿತಾಂಶ ಬರುವ ಮೊದಲೇ ತಯಾರಿಕೆಗೆ ದುಡ್ಡು ಸುರಿದರು. ಅಷ್ಟೇ.

ನನಗೆ ನಿಜವಾಗಿ ದೊಡ್ಡದಾಗಿ ಕಾಣುವುದು ಈ ವೇಗವಲ್ಲ, ಕಾರ್ಖಾನೆ. ಫ್ಲೂ ಲಸಿಕೆಯನ್ನು ಇವತ್ತಿಗೂ ಬಹುಪಾಲು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ, ಸುಮಾರು ಆರು ತಿಂಗಳ ಕೆಲಸ. ಒಂದೊಂದು ವೈರಸ್ಸಿಗೂ ಒಂದೊಂದು ಮುನಿಸು, ಒಂದೊಂದು ಉಪಚಾರ. ಎಂಆರ್‌ಎನ್‌ಎಗೆ ವೈರಸ್ ಸಾಕುವ ಗೋಜೇ ಇಲ್ಲ. ಡಿಎನ್‌ಎ ಅಚ್ಚು, ಒಂದು ಕಿಣ್ವ, ನಾಲ್ಕು ಕಚ್ಚಾವಸ್ತು ಹಾಕಿದರೆ ಕೆಲವೇ ಗಂಟೆಯಲ್ಲಿ ಪ್ರತಿಗಳು ಸಿದ್ಧ. ನಮ್ಮ ಪ್ರೆಸ್ಸಿನಲ್ಲಿ ದೀಪಾವಳಿ ವಿಶೇಷಾಂಕಕ್ಕೂ ಮದುವೆ ಕಾಗದಕ್ಕೂ ಮೆಷಿನ್ನು ಒಂದೇ, ಪ್ಲೇಟು ಬದಲಾಯಿಸಿದರೆ ಆಯಿತು. ಇಲ್ಲೂ ಹಾಗೇ, ಡಿಎನ್‌ಎ ಅಚ್ಚು ಬದಲಾಯಿಸಿದರೆ ಸಾಕು. ಫೈಜರ್‌ನ ಒಂದು ಡೋಸಿಗೆ 30 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಂ ಎಂಆರ್‌ಎನ್‌ಎಯಲ್ಲಿ 33 ಸಾವಿರ ಡೋಸ್!

ಆದರೆ ಇದು ಮಹಾ ಕೋಮಲ ಪದಾರ್ಥ. ಗೆಳೆಯರೊಬ್ಬರ ಮಗಳು ಇದೇ ಊರಿನ ಒಂದು ಪ್ರಯೋಗಾಲಯದಲ್ಲಿ ಆರ್‌ಎನ್‌ಎ ಜೊತೆ ಕೆಲಸ ಮಾಡುತ್ತಾಳೆ. ಒಮ್ಮೆ ತೋರಿಸಿದಳು. ಕಿರುಬೆರಳಿಗಿಂತ ಚಿಕ್ಕ ಪ್ಲಾಸ್ಟಿಕ್ ಟ್ಯೂಬು, ತಳದಲ್ಲಿ ನೀರಿನಂಥ ಒಂದು ಹನಿ. ನಾನು ಕೈ ಚಾಚಿದೆ. 'ಅಂಕಲ್, ಮುಟ್ಟಬೇಡಿ' ಅಂದಳು. ಗ್ಲೌಸ್ ನನ್ನನ್ನು ಕಾಪಾಡಲು ಅಂದುಕೊಂಡಿದ್ದೆ. ಅಲ್ಲವಂತೆ! ನಮ್ಮ ಬೆರಳ ಮೇಲೆ ಸದಾ ಇರುವ ಕಿಣ್ವ ಆರ್‌ಎನ್‌ಎಯನ್ನು ತಿಂದು ಮುಗಿಸುತ್ತದೆ, ಗ್ಲೌಸ್ ಅದನ್ನು ನನ್ನಿಂದ ಕಾಪಾಡಲು.

ಅದಕ್ಕೇ ಅದನ್ನು ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಇಡುತ್ತಾರೆ. ಕಷ್ಟವೆಲ್ಲ ಇಲ್ಲೇ. ಆ ವಿಶೇಷ ಕೊಬ್ಬು ಮಾಡುವವರು ಕಡಿಮೆ, ಬೆರೆಸುವ ಹದ ತಪ್ಪಿದರೆ ಬ್ಯಾಚೇ ಹಾಳು. ಮೇಲೆ ಚಳಿಪೆಟ್ಟಿಗೆ ಬೇರೆ. ಫೈಜರ್ ಲಸಿಕೆಗೆ ಶುರುವಿನಲ್ಲಿ ಮೈನಸ್ 70 ಡಿಗ್ರಿ ಬೇಕಿತ್ತು. ನಮ್ಮ ನರ್ಸಮ್ಮ ಹೆಗಲಿಗೆ ಹಾಕಿಕೊಂಡು ಬರುವ ನೀಲಿ ಡಬ್ಬಿಯಲ್ಲಿ ಇರುವುದು 2ರಿಂದ 8 ಡಿಗ್ರಿ. ಪುಣೆಯ ಜೆನೋವಾ ಕಂಪನಿ ನೀರಿನಂಶ ತೆಗೆದು ಪುಡಿ ಮಾಡಿ, ಆ ಡಬ್ಬಿಗೆ ಹೊಂದುವ ಎಂಆರ್‌ಎನ್‌ಎ ಲಸಿಕೆಗೆ 2022ರಲ್ಲಿ ತುರ್ತು ಅನುಮತಿ ಪಡೆಯಿತು. ನನ್ನ ಪ್ರಕಾರ ನಮ್ಮ ದೇಶಕ್ಕೆ ಮುಖ್ಯವಾದದ್ದು ಇದು. ದೋಷವೇ ಇಲ್ಲ ಅಂತಲ್ಲ. ಈ ಕೊರೊನಾ ಲಸಿಕೆಗಳ ರಕ್ಷಣೆ ತಿಂಗಳುಗಳಲ್ಲಿ ಇಳಿಯುತ್ತದೆ, ಮುಖ್ಯವಾಗಿ ಹರೆಯದ ಹುಡುಗರಲ್ಲಿ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡದ್ದೂ ಉಂಟು.

ಈಗ ಮಂಗನ ಕಾಯಿಲೆ. ಕಾಡಿನ ಉಣುಗು ಕಚ್ಚಿ ಹರಡುವ ಈ ವೈರಸ್ ಜ್ವರ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡದ್ದು. ಅದರ ಲಸಿಕೆ ಬಹಳ ಕಾಲ ನಮ್ಮ ಹೆಬ್ಬಾಳದಲ್ಲೇ ತಯಾರಾಗುತ್ತಿತ್ತು, ಕೋಳಿ ಭ್ರೂಣದ ಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು. ಚುಚ್ಚಿಸಿಕೊಂಡವರಿಗೂ ಕಾಯಿಲೆ ಬರತೊಡಗಿ, ಕೊನೆಗೆ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮುಂದೆ ನಿಂತು ಮಾಡಿಸುತ್ತಿರುವ ಹೊಸದೂ ಕೊಂದ ವೈರಸ್ಸಿನದೇ, ಎಂಆರ್‌ಎನ್‌ಎ ಅಲ್ಲ. ಮಲೆನಾಡಿನ ಕೆಲವು ತಾಲ್ಲೂಕುಗಳಿಗಾಗಿ ಕಾರ್ಖಾನೆ ಕಟ್ಟಲು ಯಾವ ಕಂಪನಿಯೂ ಬರುವುದಿಲ್ಲ. ಪ್ಲೇಟು ಬದಲಿಸಿ ಸಣ್ಣ ಬ್ಯಾಚ್ ತೆಗೆಯುವಂತಾದರೆ ಆ ನೆಪ ಹೋಗುತ್ತದೆ. ಉಳಿಯುವುದು ಪರೀಕ್ಷೆಯ ಕಷ್ಟ. ಈ ವರ್ಷ ಒಂದೂರಿನಲ್ಲಿ ನಾಲ್ಕು ಜನಕ್ಕೆ ಬಂದರೆ ಮುಂದಿನ ವರ್ಷ ಇನ್ನೆಲ್ಲೋ. ಲಸಿಕೆ ಕೆಲಸ ಮಾಡಿತೋ ಕಾಯಿಲೆಯೇ ಬರಲಿಲ್ಲವೋ, ಹೇಳುವವರು ಯಾರು? ಅದಕ್ಕೆ ವರ್ಷಗಳು ಬೇಕು, ಯಾವ ಮೆಷಿನ್ನೂ ಅದನ್ನು ಅವಸರ ಮಾಡಲಾರದು.

ಊರಲ್ಲಿ ನಿಮ್ಮವರು ಈಗಲೂ ದರಗು (ಒಣ ಎಲೆ) ತರಲು ಕಾಡಿಗೆ ಹೋಗುತ್ತಿದ್ದರೆ, ಡಿಸೆಂಬರ್ ಬಂದ ಕೂಡಲೇ ಉಣುಗು ಹತ್ತದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಲು ಹೇಳಿ. ವಾಪಸ್ ಬಂದವರು ಬಿಸಿನೀರು ಸ್ನಾನ ಮಾಡಿ, ಮೈಮೇಲೆ ಉಣುಗು ಹತ್ತಿದೆಯಾ ಅಂತ ನೋಡಿಕೊಳ್ಳಲಿ.

— ಸಂ.